ಅಕ್ಕನ ಅಂಗಿ ತೊಟ್ಟ ಸಿಪಾಯಿಗೆ

ಮೊಮ್ಮಗ ಪ್ರಜ್ವಲನಿಗೆ, ಅಮೆರಿಕದ ಹ್ಯಾರಿಸನ್ ಊರಿನ ಮನೆಯಿಂದ ನಿನ್ನ ಅಜ್ಜಿ ಬರೆಯುವುದು.

ಶನಿವಾರ ನಿಮ್ಮ ಕಾಲೇಜಿನ ಫುಟ್‌ಬಾಲ್ ಪಂದ್ಯವನ್ನು ಟಿವಿಯಲ್ಲಿ ನೋಡಿದೆವು. ಆಡುವವರೇ ಸುಮ್ಮನಿದ್ದರು, ನೋಡಲು ಬಂದ ನೀವು ಮುಖಕ್ಕೆ ಮಸಿ ಬಳಿದುಕೊಂಡು ಯುದ್ಧ ಯುದ್ಧ ಎಂದು ಅರಚುತ್ತಿದ್ದಿರಿ. ನೀವು ಟವೆಲ್ ಬೀಸಿದ್ದು ಬೇರೊಂದು ಕಾಲೇಜಿನಿಂದ ತಂದ ಪದ್ಧತಿಯಂತೆ, ತೋಪು ಹಾರಿಸಿದ್ದು ಇನ್ನೊಂದರದಂತೆ. ಅಷ್ಟು ದೊಡ್ಡ ಕಾಲೇಜಿಗೆ ತನ್ನದೇ ಒಂದು ಕೂಗೂ ಇಲ್ಲವೇನೋ?

ಅದು ಹಾಳಾಗಲಿ. ನೀನು ತೊಟ್ಟಿದ್ದು ನಿನ್ನಕ್ಕ ಅರ್ಪಿತಾಳ ಮಿಲಿಟರಿ ಅಂಗಿ. ಅದರ ಎದೆಯ ಮೇಲೆ ನಮ್ಮ ಮನೆತನದ ಹೆಸರು ಕಂಡದ್ದೇ ನಿಮ್ಮಮ್ಮ, "ಅತ್ತೀ, ನೋಡ್ರಿ, ಅರ್ಪಿ ಬಂದಾಳ" ಎಂದು ಎದ್ದು ನಿಂತಳು. ಆಮೇಲೆ ಮಸಿಯ ನಡುವೆ ನಿನ್ನ ಹಲ್ಲು ಕಾಣಿಸಿ, ನೀನೆಂದು ಗೊತ್ತಾಯಿತು. ನಿಮ್ಮಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು.

ಅರ್ಪಿತಾಳನ್ನು ಎಲ್ಲಿಗೆ ಕಳಿಸಿದ್ದಾರೆಂದು ಮಿಲಿಟರಿಯವರು ಹೇಳುವುದಿಲ್ಲ. ಈ ತಿಂಗಳು ಅವಳ ಫೋನೂ ಇಲ್ಲ. ಕೆಳಗೆ ಯಾವ ಕಾರು ನಿಂತರೂ ನಿಮ್ಮಮ್ಮ ಕಿಟಕಿಗೆ ಓಡುತ್ತಾಳೆ, ಅವಳ ಹಿಂದೆ ನಾನು.

ಭಾನುವಾರ ರೈಲು ಹಿಡಿದು ಬಾ. ಮುಖ ತೊಳೆದುಕೊಂಡು, ನಿನ್ನದೇ ಅಂಗಿ ತೊಟ್ಟು, ಅವಳದನ್ನು ಚೀಲದಲ್ಲಿಟ್ಟು ತಾ. ಕೆಟ್ಟ ಸುದ್ದಿ ತರುವವರು ಸಿಪಾಯಿ ವೇಷದಲ್ಲೇ ಬಂದು ಬಾಗಿಲು ತಟ್ಟುತ್ತಾರಂತೆ. ಆದ್ದರಿಂದ ನೀನು ಬಾಗಿಲು ತಟ್ಟಬೇಡ. ಕೆಳಗಿನಿಂದಲೇ ಫೋನ್ ಮಾಡು, ನಾನು ಬಂದು ತೆಗೆಯುತ್ತೇನೆ.

ನಿನ್ನ ಅಜ್ಜಿ,
ಗುರುಸಿದ್ದಮ್ಮ