ಪ್ಯಾಚು ಮತ್ತು ಬಾಣಂತನ

ಸದಲಗಾ
೧೮ ನವೆಂಬರ್ ೧೯೯೬, ಸೋಮವಾರ

ಸೊಂಟಕ್ಕೆ ಅಂಟಿಸಿದ್ದ ಹಾರ್ಮೋನಿನ ಹಳೇ ಪ್ಯಾಚು ಕಿತ್ತೆ. ಕೆಳಗೆ ದುಂಡನೆಯ ಕೆಂಪು ಕಲೆ, ಅಂಚಿಗೆ ನೀರ್ಗುಳ್ಳೆ. ಹೊಸದನ್ನು ಸೊಂಟದ ಇನ್ನೊಂದು ಬದಿಗೆ ಒತ್ತಿದೆ. ಸಂಜೆಯ ಹೊತ್ತಿಗೆ ಅದು ಪರಕರದ ಲಾಡಿಗೆ ಅಂಟಿಕೊಂಡಿತ್ತು. ಥೂ.

ಆಪರೇಷನ್ನಿನಲ್ಲಿ ಗರ್ಭಕೋಶ, ಅಂಡಾಶಯ ಎಲ್ಲ ಹೋದವು. ಇನ್ನು ಮೈಗೆ ಹಾರ್ಮೋನು ಇದರಿಂದಲೇ ಎಂದಿದ್ದಾರೆ ಮಿರಜಿನ ಲೇಡಿ ಡಾಕ್ಟರ್ ಬಾಯಿ. ಇದಿಲ್ಲದಿದ್ದರೆ ಮೈಯೆಲ್ಲ ಬೆಂಕಿ, ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು. ಜನವರಿಗೆ ಶಾಲೆಗೆ ಮರಳಬೇಕು. ಮಕ್ಕಳ ಮುಂದೆ ಅಳುತ್ತ ನಿಲ್ಲಲಾರೆ.

೨೧, ಗುರುವಾರ

ಇವರು ಚಿಕ್ಕೋಡಿಯಿಂದ ಅಗಲವಾದ ಪ್ಲಾಸ್ಟರ್ ತಂದರು. "ಮ್ಯಾಲ ಇದನ್ನ ಬಡಿ. ಎಲ್ಲಿ ಹೋಗತೈತಿ ನೋಡೂಣು." ಬಡಿದೆ. ದುಂಡಗಿನ ಉರಿಯ ಸುತ್ತ ಈಗ ಚೌಕದ ಉರಿ. ಗಂಡಸರ ಐಡಿಯಾ...

೨೫, ಸೋಮವಾರ

ಅತ್ತೆ ಎಂದಿನಂತೆ ಬಚ್ಚಲಿಗೆ ಕರೆದರು. ಬಿಸಿ ಔಡಲೆಣ್ಣೆ, ಅರಿಸಿನ, ಸುಡು ನೀರು, ಆಮೇಲೆ ಶೇಗಡಿಯ ಕೆಂಡದ ಶಾಖ. ಆಪರೇಷನ್ ಆದ ಸೊಸೆಗೆ ಬಾಣಂತನ. "ಕೂಸಿನ ಚೀಲ ತಗದಾರಂದ್ರ ಹೊಟ್ಟಿ ಹಸೀದ ಅಲ್ಲೇನ?" ಎನ್ನುತ್ತಾರೆ. ಪ್ಯಾಚಿನ ಮೇಲೂ ಎಣ್ಣೆ ಸವರುತ್ತಾರೆ, ಪಾಪ, ಅದಕ್ಕೂ ಬಾಣಂತನ.

ಜಾರುವುದು ಎಣ್ಣೆಯಿಂದ — ಇವತ್ತು ಹೊಳೆಯಿತು. ಟೀಚರಂತೆ ನಾನು.

ಹೇಳಲು ಬಾಯಿ ಬರಲಿಲ್ಲ. ನನಗೆ ಮಕ್ಕಳಾಗಲಿಲ್ಲ. ಈ ಮನೆಗೆ ಬಂದಮೇಲೆ ಅತ್ತೆ ನನ್ನ ಮೈ ಮುಟ್ಟಿದ್ದೇ ಈಗ.

೩೦, ಶನಿವಾರ

ಮಿರಜಿಗೆ ಹೋಗಿ ಬಂದೆ. ಪ್ಲಾಸ್ಟರ್ ನೋಡಿ ಡಾಕ್ಟರ್ ಬಾಯಿ ಹಣೆ ಚಚ್ಚಿಕೊಂಡರು. ಲಾಡಿ ಒತ್ತುವ ಕಡೆ ಬೇಡ, ಎಣ್ಣೆ ತಾಗಿಸಬೇಡ, ಪ್ರತಿ ಸಲ ಜಾಗ ಬದಲಿಸು. "ಇಷ್ಟ ಮಾಡಿದ ಮ್ಯಾಲೂ ಮಾಯಲಿಲ್ಲಂದ್ರ ಪ್ಯಾಚ್ ಬಂದ್ ಮಾಡಬೇಕಾಗತೈತ್ರಿ."

ಬಂದ್ ಮಾಡಿದರೆ ನನ್ನ ಗತಿ?

೧ ಡಿಸೆಂಬರ್

ಹೇಳಿಬಿಟ್ಟೆ. "ಅತ್ತೀ, ಇನ್ನ ಎಣ್ಣಿ ಬ್ಯಾಡ್ರಿ." ಕಾರಣ ಹೇಳುವ ಮೊದಲೇ ಬಟ್ಟಲು ಕೆಳಗಿಟ್ಟರು. "ಇರೂದ ಒಬ್ಬಾಕಿ ಸೊಸಿ. ಇನ್ಯಾರ ಬಾಣಂತನ ಮಾಡ್ಲಿ ನಾ" ಎನ್ನುತ್ತ ಎದ್ದು ಹೋದರು.

ಸಿಟ್ಟು ಬರುತ್ತಿದೆ. ಅವರ ಮೇಲಲ್ಲ. ರೂಪಾಯಿಯಗಲದ ಈ ದರಿದ್ರ ಪ್ಯಾಚಿನ ಮೇಲೆ.

೯, ಸೋಮವಾರ

ಗಾಯ ಒಣಗಿದೆ. ಹೊಸ ಪ್ಯಾಚು ಹೊಟ್ಟೆಯ ಕೆಳಗೆ ಗಟ್ಟಿಯಾಗಿ ಕೂತಿದೆ. ನಿದ್ದೆಯೂ ಬರುತ್ತಿದೆ. ಅತ್ತೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಬಡಿಸುತ್ತಾರೆ, ಅಷ್ಟೇ. ಬಚ್ಚಲಲ್ಲಿ ಒಬ್ಬಳೇ ಕೂತು ನೀರು ಹೊಯ್ದುಕೊಳ್ಳುವಾಗ ಯಾಕೋ ಈ ಮುನಿಸು ಸಾಕೆನಿಸಿತು.

೧೨, ಗುರುವಾರ, ಬೆಳಗ್ಗೆ

ನಾನೇ ಎಣ್ಣೆ ಕಾಸಿ ಅತ್ತೆಯ ಮುಂದಿಟ್ಟೆ. "ಹೊಟ್ಟಿ, ಸೊಂಟ ಡಾಕ್ಟರದ್ರಿ. ತಲಿ, ಕಾಲು ನಿಮ್ಮದು."

ಬೆರಳದ್ದಿ ಎಣ್ಣೆಯ ಬಿಸಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಮತ್ತ ಬೆನ್ನ ಯಾರದಬೇ?"

ಬಚ್ಚಲಿನಿಂದ ಕೂಗುತ್ತಿದ್ದಾರೆ, ನೀರು ಆರುತ್ತದಂತೆ. ಬೆನ್ನೂ ಅವರದೇ.