ದಡಬಡ ಮಾಡಬೇಡ್ವೋ

ಅಕ್ಕಾ,

ಓದೋಕೆ ನೀನಿಲ್ಲ, ಆದರೂ ಹೇಳಬೇಕು. ನೀನು ತೀರಿಕೊಂಡ ಮೇಲೆ ನಿನ್ನ ಪ್ರೋಗ್ರಾಮನ್ನು ಇವತ್ತೇ ಮೊದಲ ಸಲ ಓಡಿಸಿದ್ದು. ಕಾದ ಕಬ್ಬಿಣದ ಸರಳು ಎಷ್ಟು ಬೇಗ ಆರುತ್ತೆ ಅನ್ನೋ ಲೆಕ್ಕ. ಕಪ್ಪು ಪರದೆಯಲ್ಲಿ ಸಮೀಕರಣ ಟೈಪ್ ಮಾಡಿ, ಬೇಗ ಮುಗೀಲಿ ಅಂತ ಕಾಲದ ಹೆಜ್ಜೆಯನ್ನು, ಅಂದರೆ ಲೆಕ್ಕ ಒಂದೊಂದು ಸಲಕ್ಕೆ ಎಷ್ಟು ಹೊತ್ತು ಮುಂದೆ ಹೋಗಬೇಕು ಅನ್ನೋದನ್ನು, ಹತ್ತು ನಿಮಿಷಕ್ಕೆ ಇಟ್ಟೆ. ಲೆಕ್ಕ ತಪ್ಪಿ, ಕೆಂಪಗೆ ಕಾದ ಸರಳು ಪರದೆಯ ಮೇಲೆ ಒಂದೇ ಏಟಿಗೆ ಮಂಜುಗಡ್ಡೆಗಿಂತ ತಣ್ಣಗಾಯಿತು. ಕೆಳಗೆ ನೀನು ನನಗೆಂದೇ ಬರೆದಿಟ್ಟಿದ್ದ ಎಚ್ಚರಿಕೆ ಬಂತು: "ದಡಬಡ ಮಾಡಬೇಡ್ವೋ, ಹೆಜ್ಜೆ ಚಿಕ್ಕದಾಗಿಡು."

ಪಕ್ಕದ ಮೇಜಿನವರು ಇಣುಕಿ, "ಇದೇನ್ರೀ, ಪ್ರೋಗ್ರಾಮ್ ಬೈಯುತ್ತೆ? ಆ ಸಾಲು ತೆಗೆದುಬಿಡಿ" ಅಂದರು. ಆ ಸಾಲನ್ನು ಹಾಗೇ ಬಿಟ್ಟೆ.

ಹೆಜ್ಜೆಯನ್ನು ಒಂದು ಸೆಕೆಂಡಿಗೆ ಇಳಿಸಿದೆ. ಉತ್ತರ ಸರಿಯಾಗಿ ಬಂತು, ಎಚ್ಚರಿಕೆ ಬರಲಿಲ್ಲ. ಅವರು ಊಟಕ್ಕೆ ಎದ್ದು ಹೋದ ಮೇಲೆ ಮತ್ತೆ ಹತ್ತು ನಿಮಿಷ ಕೊಟ್ಟು ಎಂಟರ್ ಒತ್ತಿದೆ.