ಕೋನಿಸ್ಟನ್ ಹೊರಟ ಸೋಮವಾರ

ಲಿವರ್‌ಪೂಲ್
ಬುಧವಾರ, ಮಾರ್ಚ್ 14, 1934

ಮುದ್ದು ವಿನ್ನಿ,

ಹೆದರಬೇಡ ಎಂದು ಬರೆಯಲು ಕೂತು ಆಗಲೇ ಎರಡು ಹಾಳೆ ಹರಿದು ಹಾಕಿದೆ. ನಿನ್ನಪ್ಪ ಹಡಗು ಹತ್ತಿ ಹೋಗಿದ್ದಾನೆ. ಅದೂ ಕೋನಿಸ್ಟನ್‌ನ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ, ಆ ಎದೆ ಇಟ್ಟುಕೊಂಡು. ಇನ್ನೊಮ್ಮೆ ಬೆಂಕಿಯ ಮುಂದೆ ನಿಂತರೆ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಚಳಿಗಾಲದಲ್ಲೇ ನಿನಗೆ ಬರೆದಿದ್ದೆನಲ್ಲ. ಅರವತ್ತಕ್ಕೆ ಅರಳುಮರಳು ಅನ್ನುವುದು ಸುಳ್ಳಲ್ಲ.

ನಿನ್ನಪ್ಪ ದುಡಿದ ಪೆಂಬರ್ಟನ್ ಹಡಗು ಕಂಪನಿಯ ಕಥೆ ಮುಗಿಯಿತು. ಕೆರೆಗಳ ಹೆಸರಿಟ್ಟು ಸಮುದ್ರಕ್ಕೆ ಬಿಟ್ಟರೆ ಹಡಗಿಗೆ ಏಳಿಗೆ ಎಲ್ಲಿಂದ ಬರಬೇಕು ಎಂದು ನಾನು ಆಗಲೇ ಆಡಿಕೊಳ್ಳುತ್ತಿದ್ದೆ. ಗ್ರಾಸ್‌ಮಿಯರ್ ಯುದ್ಧದಲ್ಲಿ ಮುಳುಗಿತು, ಬಟರ್‌ಮಿಯರ್ ಗುಜರಿಗೆ ಹೋಯಿತು. ಯಾರ ಹೆಸರೆತ್ತಿದರೆ ನಿನ್ನಪ್ಪ ಉಗಿಯುತ್ತಿದ್ದನೋ ಆ ಹಾರ್ಕರ್ ಕಂಪನಿಯೇ ಈಗ ಉಳಿದದ್ದನ್ನೆಲ್ಲ ನುಂಗಿ, ನಮ್ಮ ಹಡಗುಗಳ ನೀಲಿ ಚಿಮಣಿಗಳಿಗೆ ತನ್ನ ಹಳದಿ ಬಣ್ಣ ಬಳಿಯುತ್ತಿದೆ. ನೀನು ಹಾರ್ಕರ್ ಹಡಗಿನ ಸ್ಟುವರ್ಡ್ ಲೆನಾರ್ಡನನ್ನು ಕಟ್ಟಿಕೊಂಡೆ ಎಂದು ನಿನ್ನ ಮದುವೆಗೂ ಬಾರದೆ ಕೂತವನು ಇವನು. ಈಗ ಮಾವನಿಗೂ ಅಳಿಯನಿಗೂ ಒಬ್ಬನೇ ಒಡೆಯ! ಆದರೂ ಹಠ ಇಳಿಯಲಿಲ್ಲ. ನಿನಗೆ ಮಗುವಾದ ಸುದ್ದಿ ಓದಿ ಹೇಳಿದಾಗ ಕಿಟಕಿಯ ಕಡೆ ತಿರುಗಿ ಕೂತ.

ಕೋನಿಸ್ಟನ್‌ಗೆ ಇದೇ ಕೊನೆಯ ಪಯಣ. ನೀನಿರುವ ನ್ಯೂಯಾರ್ಕಿಗೆ ಹೋಗಿ ಬಂದ ಮೇಲೆ ಒಡೆದು ಹಾಕುತ್ತಾರೆ. ಅವನ ಹರೆಯವೆಲ್ಲ ಬೆಂದದ್ದು ಅದರ ಹೊಟ್ಟೆಯಲ್ಲೇ. ಸೋಮವಾರ ಬೆಳಿಗ್ಗೆ ಒಮ್ಮೆ ನೋಡಿ ಬರುತ್ತೇನೆಂದು ಕೋಟು ಹಾಕಿದ. ಸೋಮವಾರ ಒಗೆಯುವ ದಿನವಲ್ಲವೆ, ನಾನು ಬಟ್ಟೆಗೆ ನೀರು ಕಾಯಿಸಿಕೊಂಡಿದ್ದೆ. ಅವನ ಅಂಗಿ ತಿಕ್ಕುವುದನ್ನೇ ನೋಡುತ್ತ ಬಾಗಿಲಲ್ಲಿ ನಿಂತ.

“ಇವತ್ತೇ ಒಗೀಬೇಕಾ? ನಾಳೆ ಒಗೆದ್ರಾಗಲ್ವಾ?” ಅಂದ.

“ಯಾಕೆ, ನೀನೇನು ಹಡಗು ಹತ್ತುತ್ತೀಯಾ?” ಅಂದೆ.

ಗಂಡ ಹಡಗು ಹತ್ತುವ ದಿನ ಬಟ್ಟೆ ಒಗೆದರೆ ಅವನನ್ನೇ ಸಮುದ್ರಕ್ಕೆ ತೊಳೆದು ಬಿಟ್ಟಂತೆ ಎಂದು ನಮ್ಮ ಬೀದಿಯ ಹೆಂಗಸರು ಅಂದು ಸೋಪು ಮುಟ್ಟುವುದಿಲ್ಲ. ಇಷ್ಟು ವರ್ಷ ನಾನೂ ಮುಟ್ಟಿರಲಿಲ್ಲ. ಅವನು ನಕ್ಕು ಹೊರಟುಹೋದ.

ಮಧ್ಯಾಹ್ನ, ಹಡಗು ಬೀಳ್ಕೊಡಲು ಹೋಗಿದ್ದ ಪಕ್ಕದ ಮನೆಯ ಬ್ರೈಡಿ ಅವನ ಊರುಗೋಲು ಹಿಡಿದು ಓಡಿ ಬಂದಳು. “ಆಗ್ನೆಸ್, ನಿನ್ನ ಗಂಡ ಹಡಗು ಹತ್ತಿಬಿಟ್ಟ ಕಣೇ!” ಬಾಯ್ಲರಿನ ಆಳೊಬ್ಬ ಹೆಂಡದಂಗಡಿಯಿಂದ ಬರಲೇ ಇಲ್ಲವಂತೆ. ಪ್ರತಿ ಸಲವೂ ಹೀಗೊಬ್ಬ ಇದ್ದೇ ಇರುತ್ತಾನೆ. ಹತ್ತುವ ಹಲಗೆ ಎಳೆಯುವ ಹೊತ್ತಿಗೆ ಎಂಜಿನಿಯರು ಕಟ್ಟೆಯ ಮೇಲಿದ್ದವರ ಕಡೆ ತಿರುಗಿ, “ಯಾರ್ರೋ ಬರ್ತೀರಾ?” ಎಂದು ಕೂಗಿದನಂತೆ. ಹಾಗೆ ಹಾರಿ ಹತ್ತುವವರು ಯಾವಾಗಲೂ ಹರೆಯದವರು. ಈ ಮುದುಕ ಊರುಗೋಲನ್ನು ಬ್ರೈಡಿಯ ಕೈಗೆ ತುರುಕಿ, ಕೆಮ್ಮು ನುಂಗಿಕೊಂಡು, ನೆಟ್ಟಗೆ ನಡೆದು ಹೋದನಂತೆ.

ಕಂಪನಿಯ ಕಚೇರಿಗೆ ಹೋದೆ. ವೈರ್‌ಲೆಸ್‌ನಲ್ಲಿ ಹೇಳಿ ಅವನನ್ನು ಬೆಂಕಿಯ ಮುಂದಿನಿಂದ ತೆಗೆಸಿ ಎಂದು ಬೇಡಿಕೊಂಡೆ. “ತಾನಾಗೇ ಹತ್ತಿದಾನಮ್ಮ, ಇಳಿಸೋಕೆ ಸಮುದ್ರದ ಮಧ್ಯೆ ಸ್ಟೇಷನ್ ಇದೆಯಾ?” ಎಂದ ಅಲ್ಲಿಯ ಗುಮಾಸ್ತ. ಅವನ ಶಾಯಿ ಕುಡಿಕೆಯನ್ನು ಅವನ ತಲೆಗೇ ಸುರಿಯುವಷ್ಟು ಸಿಟ್ಟು ಬಂತು. ಅಳುತ್ತ ಮನೆಗೆ ಬಂದೆ.

ನಾಳೆ ಅಲ್ಸ್‌ವಾಟರ್ ಹೊರಡುತ್ತದೆ. ಎಣ್ಣೆ ಉರಿಸುವ ಹೊಸ ಹಡಗು, ಮುದಿ ಕೋನಿಸ್ಟನ್ ಅನ್ನು ದಾರಿಯಲ್ಲೇ ಹಿಂದೆ ಹಾಕುತ್ತದೆ. ಅದರ ಟಪಾಲಿನಲ್ಲಿ ಈ ಪತ್ರ ಅವನಿಗಿಂತ ಮೊದಲು ನಿನ್ನ ಕೈ ಸೇರಲಿ ದೇವರೇ. ತಂತಿ ಕೊಟ್ಟರೆ ನೀನು ಸಾವೆಂದೇ ತಿಳಿಯುತ್ತೀ. ಲೆನಾರ್ಡನನ್ನು ಕರೆದುಕೊಂಡು ಬಂದರಿಗೆ ಹೋಗು. ನಿನ್ನಪ್ಪ ಜೀವಂತ ಇಳಿದರೆ ಮತ್ತೆ ಹತ್ತಲು ಬಿಡಬೇಡ. ಬೈ, ಕೈ ಹಿಡಿದೆಳೆ, ಏನಾದರೂ ಮಾಡು. ಅವನು ಹೋದದ್ದು ಆ ಹಡಗಿನ ಮೋಹಕ್ಕೆ, ನಿನಗಾಗಿ ಅಲ್ಲ. ಅದು ನನಗೂ ಗೊತ್ತು. ಆದರೂ ಹೋಗು ಮಗಳೇ. ನನಗೆ ಬಹಳ ಭಯವಾಗುತ್ತಿದೆ. ಆ ಅಂಗಿ ಇನ್ನೂ ಹಗ್ಗದ ಮೇಲೇ ಇದೆ, ತೆಗೆಯಲು ಕೈ ಬರುತ್ತಿಲ್ಲ.

ಮಗುವಿಗೆ ಅಜ್ಜಿಯ ಮುತ್ತು.

ನಿನ್ನ ಅಮ್ಮ,
ಆಗ್ನೆಸ್ ರಿಮ್ಮರ್

ತಾ.ಕ.: ನಿನ್ನ ನಾಮಕರಣದ ದಿನ ಹೊದಿಸಿದ್ದ ಬಿಳಿ ಶಾಲನ್ನು ಮಗುವಿಗೆ ಕಳಿಸೋಣವೆಂದು ಈಗ ಪೆಟ್ಟಿಗೆ ತೆಗೆದೆ. ಶಾಲು ಇಲ್ಲ. ಅವನ ಕೋಟಿನೊಳಗೆ ಏನೋ ಬಿಳಿಯದು ಉಬ್ಬಿಕೊಂಡಿತ್ತು ಎಂದು ಬ್ರೈಡಿ ಈಗ ಹೇಳುತ್ತಾಳೆ. ಮನೆ ಬಿಡುವಾಗಲೇ ಹತ್ತುವ ಮನಸ್ಸು ಮಾಡಿದ್ದ, ವಿನ್ನಿ. ತೊಟ್ಟಿಯಲ್ಲಿ ತನ್ನ ಅಂಗಿ ಕಂಡೂ, ಬಾಯಿ ಬಿಟ್ಟರೆ ನಾನು ತಡೆಯುತ್ತೇನೆಂದು ನಕ್ಕು ಹೋದ. ಅವನನ್ನು ಬೈಯಬೇಡ. ಮೊದಲು ಮಗುವನ್ನು ಅವನ ಕೈಗೆ ಕೊಡು.